ಅಮ್ಮನ ಹೆಸರಿನ ಮೀನು

ಹೃದಯದ ಡಾಕ್ಟರರ ಕೋಣೆಯ ಹೊರಗೆ, ಹೃದಯಾಘಾತದಲ್ಲಿ ಹೆಂಡತಿಯನ್ನು ಕಳೆದುಕೊಂಡ ಮುದುಕರೊಬ್ಬರು ತಮ್ಮ ಸರದಿಗಾಗಿ ಕೂತಿದ್ದರು. ಪಕ್ಕದ ಬೆಂಚಿನಲ್ಲಿ ಒಬ್ಬ ತಾಯಿಗೂ ವಿಜ್ಞಾನಿಯಾದ ಅವಳ ಮಗಳಿಗೂ ನಗು ತಡೆಯಲಾಗುತ್ತಿರಲಿಲ್ಲ.

“ಲ್ಯಾಬಲ್ಲಿ ಒಂದು ಮೀನಿನ ಹೃದಯದ ತುದಿ ಕತ್ತರಿಸಿದ್ವಲ್ಲ ಅಮ್ಮ, ಅದಕ್ಕೆ ಆ ತುದಿ ಪೂರ್ತಿ ಮತ್ತೆ ಬೆಳೆದಿದೆ.”

“ಪಾಪ, ಅದು ನಿನಗೇನು ಮಾಡಿತ್ತು?”

“ಏನೂ ಇಲ್ಲ. ಹೇಗೆ ಬೆಳೆಸ್ಕೊಳ್ಳುತ್ತೆ ಅಂತ ಕಲಿಯೋದೇ ಇಷ್ಟು ವರ್ಷದ ನನ್ನ ಕೆಲಸ. ಆ ಮೀನಿಗೆ ನಿನ್ನ ಹೆಸರೇ ಇಟ್ಟಿದ್ದೀವಿ.”

“ನನ್ನ ಹೆಸರು ಯಾಕೆ?”

“ಅದೇ ಹಟ, ಅದೇ ಹೊಟ್ಟೆಬಾಕತನ.”

“ಹಾಗಾದ್ರೆ ನನ್ನ ಹೃದಯದಲ್ಲಿ ಸತ್ತಿರೋ ಭಾಗವೂ ಬೆಳೆಯುತ್ತಾ?”

“ಇಲ್ಲಮ್ಮ. ಮನುಷ್ಯರಿಗೆ ಆ ವಿದ್ಯೆ ಇನ್ನೂ ಬಂದಿಲ್ಲ.”

“ಸರಿ, ಬೇಗ ಕಲಿ. ಅಲ್ಲೀವರೆಗೆ ನಾನು ಹಟ ಬಿಡಲ್ಲ.”

ನರ್ಸ್ ಕರೆದಳು. ಇಬ್ಬರೂ ನಗುತ್ತಲೇ ಒಳಗೆ ಹೋದರು. ಮುದುಕರು ಕಣ್ಣು ಮುಚ್ಚಿ, ಆ ತಾಯಿಯ ಹಟವನ್ನು ಉಳಿಸಪ್ಪಾ ಎಂದು ದೇವರಲ್ಲಿ ಬೇಡಿಕೊಂಡರು, ಆ ಪ್ರಾರ್ಥನೆಯಲ್ಲಿ ಮೀನನ್ನೂ ಸೇರಿಸಿಕೊಂಡರು.