ಹೆಸರು ಮುಚ್ಚಿಟ್ಟು ಕೇಳಿದ ಪ್ರಶ್ನೆ

...ಅಯ್ಯೋ, ಅದನ್ನ ಹಾಗೆ ತೊಡೆ ಮೇಲೆ ಹಾಕ್ಕೊಂಡು ಸವರ್ತಾ ಕೂತ್ರೆ ಸರಿಹೋಗುತ್ತಾ? ಕೊಡಿಲ್ಲಿ. ಬೆಳಕಿಗೆ ಹಿಡಿದು ನೋಡೋಣ... ಅಬ್ಬಬ್ಬಾ! ಎದೆ ಮೇಲೇ ಇಸ್ತ್ರಿಪೆಟ್ಟಿಗೆ ಗುರುತು, ಮೂತಿ ಸಮೇತ! ಮಖಮಲ್ ಕಣೆ ಇದು, ದಿಂಬಿನ ಕವರಲ್ಲ. ಇದರ ನವಿರು ಒಂದ್ಸಲ ಮಲಗಿತು ಅಂದ್ರೆ ಮತ್ತೆ ಏಳಲ್ಲ. ಶೋರೂಮಿನವಳು ಏನಂದ್ಲು? ಬಾಯಿ ಬಿಡೇ. ಏನೂ ಅನ್ಲಿಲ್ವಾ? ಮಡಚಿ ವಾಪಸ್ ಕೊಟ್ಲಾ? ಹಾಗಾದ್ರೆ ಕೆಲಸ ಹೋಯ್ತು ಅಂತಲೇ ಅರ್ಥ. ಹೋಗ್ಲಿ ಬಿಡು.

ಅಳಬೇಡ. ಅಳಲೇಬೇಕು ಅಂದ್ರೆ ಆ ಕಡೆ ತಿರುಗಿ ಅಳು, ಮೇಜಿನ ಮೇಲೆ ಗಿರಾಕಿಗಳ ಬಟ್ಟೆ ಇದೆ.

ನಾನು ಹೇಳಿರ್ಲಿಲ್ವಾ? ಹದಿನೈದು ದಿನದ ಹಿಂದೆ, ಇದೇ ಅಂಗಡೀಲಿ, ‘ಅತ್ತಿಗೆ, ಪರೀಕ್ಷೆಗೆ ಅಂತ ಒಂದು ಗೌನು ಹೊಲಿಯೋಕೆ ಕೊಟ್ಟಿದ್ದಾರೆ, ಚೆನ್ನಾಗಿ ಬಂದ್ರೆ ಕೆಲಸಕ್ಕೆ ತಗೋತಾರಂತೆ’ ಅಂತ ಕುಣ್ಕೊಂಡು ಬಂದ್ಯಲ್ಲ, ಆವತ್ತೇ ಹೇಳಿದೆ, ನಿನಗ್ಯಾಕೆ ಬೇಕು ಇಲ್ಲದ ಉಸಾಬರಿ ಅಂತ. ತಮ್ಮನ ಹೆಂಡತಿ ಅಲ್ವಾ ಅಂತ ಎಂಟು ವರ್ಷದಿಂದ ಇಲ್ಲಿ ಕೂರಿಸ್ಕೊಂಡು ಹೆಮ್ಮಿಂಗು, ಕಾಜಾ, ಗುಂಡಿ, ಎಲ್ಲಾ ಕಲಿಸಿದ್ದೀನಿ. ಅಷ್ಟು ಸಾಲದಾ? ಇಸ್ತ್ರಿಪೆಟ್ಟಿಗೆ ಮುಟ್ಟಿದ್ದೀಯಾ ಒಂದು ದಿನಾನಾದ್ರೂ?

ಹೌದು ಮಾರಾಯ್ತಿ, ನಾನೇ ಮುಟ್ಟಿಸ್ಲಿಲ್ಲ. ಅದಕ್ಕೆ ಹೀಗೆ ಗುರಾಯಿಸ್ಬೇಡ. ಆಮೇಲೆ ಹದಿನೈದು ದಿನ ಮಾತೂ ಬಿಟ್ಟೆ... ಏನು? ಬಿಟ್ಟಿದ್ದು ನಾನಾ? ಸರಿ, ನಾನೇ ಅಂತಿಟ್ಕೋ. ಯಾರು ಬಿಟ್ರೇನು ಈಗ.

ತಪ್ಪು ನಿನ್ನೊಬ್ಬಳದ್ದೇ ಅಲ್ಲ ಬಿಡು. ಜನಾನೇ ಹಾಗೆ. ನಮ್ಮ ‘ಸೂಜಿ ದಾರ’ ಆನ್‌ಲೈನ್ ಗ್ರೂಪಿನಲ್ಲಿ ದಿನಾ ನೋಡ್ತೀನಲ್ಲ, ಎಂಬತ್ತು ಸಾವಿರ ಜನ, ಎಂಬತ್ತು ಸಾವಿರವೂ ಪೆದ್ದುಗಳು! ಮೊನ್ನೆ ಒಬ್ಬಳು, ಗಂಡನ ಉಣ್ಣೆ ಕೋಟಿಗೆ ಜಿಡ್ಡು ಹತ್ತಿದೆ, ಏನ್ಮಾಡ್ಲಿ ಅಂದ್ಲು. ಅದ್ಯಾರೋ ‘ಹಳೇ ಕತ್ತರಿ’ ಅಂತ ಹೆಸರಿಟ್ಕೊಂಡಿದ್ದಂತೆ, ಕುದಿಯೋ ನೀರಿಗೆ ಹಾಕಮ್ಮ ಅಂತು. ಹಾಕಿದ್ಲು ಕಣೆ! ಕೋಟು ಮಗುವಿಗೆ ಆಗೋ ಅಷ್ಟಾಯ್ತು! ಫೋಟೋ ಬೇರೆ ಹಾಕಿ ಅತ್ಲು. ನನಗೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು.

...ನೀನ್ಯಾಕೆ ನಗ್ತಿದ್ದೀಯ? ಕೋಟಿಗಾ? ಮತ್ಯಾಕೆ? ಹಾಗೆ ನಗಬೇಡ, ಚೆನ್ನಾಗಿರಲ್ಲ.

ಅದೇ ನಾನು ಹೇಳ್ತಿದ್ದಿದ್ದು. ಯಾರೋ ಮುಖ ನೋಡದವರ ಮಾತು ಕಟ್ಕೊಂಡು ಮಖಮಲ್ಲಿನ ಮುಖದ ಮೇಲೇ ಒದ್ದೆ ಬಟ್ಟೆ ಹಾಕಿ, ಇಪ್ಪತ್ತು ಎಣಿಸೋವರೆಗೂ ಒತ್ತಿ ಹಿಡ್ಕೊಳ್ಳೋದಾ? ಸ್ವಂತ ಬುದ್ಧಿ ಬೇಡ್ವಾ?

ಏನು?

ಯಾಕೆ ಹಾಗೆ ನೋಡ್ತೀಯ? ಒದ್ದೆ ಬಟ್ಟೆ... ಒದ್ದೆ ಬಟ್ಟೆ ಅಂತ ಕಲೆ ನೋಡಿದ್ರೇ ಗೊತ್ತಾಗಲ್ವಾ? ಇಪ್ಪತ್ತು... ಇಪ್ಪತ್ತು ಸುಮ್ಮನೆ ಬಾಯಿಗೆ ಬಂತು. ಹತ್ತು ಅಂತಿಟ್ಕೋ. ಸರಿ, ಗ್ರೂಪಿನಲ್ಲಿ ನೋಡಿದೆ, ಆಯ್ತಾ? ಯಾರೋ ಹೆಸರು ಮುಚ್ಚಿಟ್ಟು ಕೇಳಿದ್ರು, ಮಖಮಲ್ಲಿನ ಮಡಿಕೆ ತೆಗೆಯೋದು ಹೇಗೆ, ಸಂಜೆ ಒಳಗೆ ಕೊಡಬೇಕು ಅಂತ. ಅದು ನೀನು ಅಂತ ನನಗೇನು ಕನಸು ಬೀಳುತ್ತಾ? ಅಡ್ಮಿನ್ ಅಂದ್ಮೇಲೆ ನೂರೆಂಟು ಪ್ರಶ್ನೆ ನೋಡ್ತೀನಿ.

 ಅಡ್ಮಿನ್ ಅಂದ ತಕ್ಷಣ ಯಾಕೆ ತಲೆ ಎತ್ತಿದೆ?

ಹೂಂ. ಗೊತ್ತು. ಗ್ರೂಪಿನ ನಿಯಮ ಎಲ್ಲಾ ಟೈಪ್ ಮಾಡಿಕೊಟ್ಟಿದ್ದು ನೀನೇ ತಾನೇ. ‘ಹೆಸರು ಮುಚ್ಚಿಟ್ಟು ಕೇಳಬಹುದು, ಆ ಹೆಸರು ಅಡ್ಮಿನ್‌ಗೆ ಮಾತ್ರ ಕಾಣುತ್ತದೆ.’ ಆ ‘ಹಳೇ ಕತ್ತರಿ’ ಅಕೌಂಟೂ ನೀನೇ ಮಾಡಿಕೊಟ್ಟದ್ದು. ಮೊದಮೊದಲು ಗ್ರೂಪಿನಲ್ಲಿ ಕೇಳೋರೇ ಇಲ್ಲದಾಗ ನೀನು ಕೇಳೋದು, ನಾನು ಕತ್ತರಿಯಾಗಿ ಉತ್ತರ ಕೊಡೋದು... ಇದೇ ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕೂತು ಬಿದ್ದೂ ಬಿದ್ದೂ ನಗ್ತಿದ್ವಿ.

ಹೌದೇ, ನಾನೇ! ಆಯ್ತಾ? ನಾನೇ ಹೇಳಿದ್ದು. ಉಲ್ಟಾ ತಿರುಗಿಸಿ ದೂರದಿಂದ ಆವಿ ಕೊಡಬೇಕು ಅಂತ ಗೊತ್ತಿದ್ದೂ ಗೊತ್ತಿದ್ದೂ ಹಾಗೆ ಹೇಳಿದೆ. ಇನ್ನೇನು ಮಾಡ್ಬೇಕಿತ್ತು ನಾನು? ಬಂದ ಗಿರಾಕಿಗಳೆಲ್ಲ ‘ಆ ಕೈಹೊಲಿಗೆಯವಳು ಇದ್ದಾಳಾ’ ಅಂತಲೇ ಬಾಗಿಲು ದಾಟ್ತಾರೆ. ನನ್ನ ಅಂಗಡಿ, ನನ್ನ ಬೋರ್ಡು, ನಾನು ಬೆನ್ನು ಮುರ್ಕೊಂಡು ಕಟ್ಟಿದ್ದು! ಆ ಶೋರೂಮಿಗೆ ನಾನೂ ಹೋಗಿದ್ದೆ ಒಂದು ಕಾಲದಲ್ಲಿ. ನನ್ನ ಹೊಲಿಗೆ ಬಿಚ್ಚಿ ತೋರಿಸಿ ನಕ್ಕಿದ್ರು. ನೀನು ಹೋದ್ರೆ ಅವರು ನಗ್ತಿರ್ಲಿಲ್ಲ. ಅದೇ ನನಗೆ ತಡೆಯೋಕೆ ಆಗ್ಲಿಲ್ಲ.

ಆದ್ರೆ ನಿನಗೆ ತಲೆ ಇರ್ಲಿಲ್ವಾ? ಕತ್ತರಿ ಯಾರು ಅಂತ ಗೊತ್ತು, ನಾನು ಸಿಟ್ಟಲ್ಲಿದ್ದೀನಿ ಅಂತಲೂ ಗೊತ್ತು, ಆದ್ರೂ ಯಾಕೆ ಒತ್ತಿದೆ? ಹೇಳು!

ಏನಿದು, ಫೋನ್ ಯಾಕೆ ಚಾಚ್ತೀಯ? ನನ್ನ ಉತ್ತರ ನನಗೇ ತೋರಿಸ್ತೀಯಾ? ಬರೆದ ತಕ್ಷಣ ಫೋನ್ ಮಗುಚಿಟ್ಟೆ ನಾನು, ಮತ್ತೆ ತಿರುಗಿ ನೋಡ್ಲಿಲ್ಲ... ಕೆಳಗೆ? ಕೆಳಗೇನಿದೆ? ಕನ್ನಡಕ ಎಲ್ಲಿ... ಕೊಡು.

‘ಆಗಲಿ ಅತ್ತಿಗೆ. ಎದುರಿಗೆ ಕೇಳೋಕೆ ಹೆದರಿಕೆಯಾಗಿ ಇಲ್ಲಿ ಕೇಳಿದೆ. ಸಿಟ್ಟಿದ್ರೂ ನೀವು ಹೇಳಿಕೊಡ್ತೀರಿ ಅಂತ ಗೊತ್ತಿತ್ತು.’

...

ಎಲ್ಲಿಗೆ ಹೊರಟೆ? ಕೂತ್ಕೋ. ಇನ್ನೂ ಆರು ಬಟ್ಟೆಗೆ ಕಾಜಾ ಬಾಕಿ ಇದೆ. ಕೂತ್ಕೋ ಅಂದೆ! ಬಯ್ಯಿ ಬೇಕಾದ್ರೆ, ತಮ್ಮನ ಹತ್ರ ಹೇಳು, ಎಂಬತ್ತು ಸಾವಿರ ಜನರ ಮುಂದೆ ಹಾಕು... ಏಯ್, ಫೋನ್ ಬಿಟ್ಟೆಯಲ್ಲ. ಏಯ್, ಗೌನು! ಇದನ್ನ ಇಲ್ಲಿ ಬಿಟ್ಟು ಹೋಗಬೇಡ್ವೇ. ತಗೊಂಡು ಹೋಗೇ ಇದನ್ನ... ನನ್ನ ಕೈಲಿ ಇದನ್ನ ನೋಡೋಕೆ ಆಗಲ್ಲ ಕಣೆ.