ಬಾವಿಗೆ ಇಳಿದ ಬಳ್ಳಿ

ಹತ್ತಿರ ಬನ್ನಿ, ಜೋರಾಗಿ ಹೇಳೋ ವಿಷಯ ಅಲ್ಲ. ನನ್ನ ಸೋದರತ್ತೆ ಮಗನಿಗೇ ಆದದ್ದು. ಮರಗೆಲಸದವನು, ಆಳು ಕಲ್ಲುಗುಂಡು.

ಅವನ ಹಿತ್ತಲಲ್ಲಿ ಬಾವಿ, ಪಕ್ಕದಲ್ಲೇ ನೀಲಿ ಹೂವಿನ ಬಳ್ಳಿ. ಬಳ್ಳಿ ಅಲ್ಲ ಅದು, ರಾಕ್ಷಸ. ಬುಡ ತೊಡೆ ದಪ್ಪ. ಹೂ ಮುಗಿದ ಕೂಡಲೇ ಕುಡಿಗಳನ್ನ ಗಿಡ್ಡಗೆ ಕತ್ತರಿಸಿ ತಂತಿಗೆ ಬಿಗೀಬೇಕು. ಇಲ್ಲಾಂದ್ರೆ ಹೆಂಚು ಎತ್ತುತ್ತೆ, ಪೈಪು ಹಿಂಡುತ್ತೆ. ಬುಡಸಮೇತ ಕಡೀತೀನಿ ಅಂತ ಇವನು. ನಿಮ್ಮ ಗೊರಕೆ ನಾನು ತಡ್ಕೊಂಡಿಲ್ವಾ, ಇದೂ ಇರಲಿ ಅಂತ ಹೆಂಡತಿ.

ಆ ವರ್ಷ ಕೆಲಸದ ಗಡಿಬಿಡೀಲಿ ಕತ್ತರಿಸೋದು ತಪ್ಪಿಹೋಯ್ತು. ಕುಡಿಗಳು ಒಂದಕ್ಕೊಂದು ಹೆಣೆದುಕೊಂಡು, ಕಟ್ಟೆ ಹತ್ತಿ, ಬಾವಿಯೊಳಗೆ ಇಳಿದವು.

ಒಂದು ರಾತ್ರಿ ತಡವಾಗಿ ಹಿತ್ತಲ ದಾರೀಲಿ ಬರ್ತಿದ್ದಾನೆ. ಗಾಳಿ ಇಲ್ಲ. ಆದ್ರೂ... ಕಿರ್ರ್... ಕಿರ್ರ್... ಭಾರ ಬಿದ್ದ ಹಗ್ಗ ಕಲ್ಲಿಗೆ ಉಜ್ಜೋ ಸದ್ದು. ಬಳ್ಳಿ ಬಿಗಿದು ನಡುಗ್ತಿದೆ. ಹೂ ಉದುರ್ತಿವೆ.

ಯಾರೋ ಬಿದ್ದಿದ್ದಾರೆ ಅಂದ್ಕೊಂಡ. ಬಗ್ಗಿ, ಮೆಲ್ಲಗೆ ಕೇಳಿದ. "ಯಾರು?"

"ಎಳಿ."

ಹೆಣ್ಣೋ ಗಂಡೋ ತಿಳೀಲಿಲ್ಲ. ಕಟ್ಟೆಗೆ ಕಾಲೊತ್ತಿ ಎಳೆದ. ಬಂತು... ಇನ್ನೂ ಬಂತು... ತಣ್ಣನೆ ಕೈಯೊಂದು ಅವನ ಮುಂಗೈ ಹಿಡೀತು. ಹಿಡಿದದ್ದೇ ಕೆಳಕ್ಕೆ ಜಗ್ಗಿತು. ಮುಖ ಕಲ್ಲಿಗೆ ಅಪ್ಪಳಿಸಿತು. ಕಟಕ್... ಹಲ್ಲು ಮುರಿದದ್ದು ಅವನಿಗೇ ಕೇಳಿಸ್ತಂತೆ. ಮತ್ತೆ ಜಗ್ಗಿತು. ಮೂಗು ಜಜ್ಜಿಹೋಯ್ತು. ಬಾಯ್ತುಂಬ ರಕ್ತ, ಕೂಗೋಕೂ ಆಗ್ತಿಲ್ಲ. ಸೊಂಟದವರೆಗೆ ಒಳಗೆ ಹೋಗಿಬಿಟ್ಟಿದ್ದ.

ಸದ್ದಿಗೆ ಕಳ್ಳ ಅಂದ್ಕೊಂಡು ಹೆಂಡತಿ ಕೊಡಲಿ ಹಿಡಿದು ಓಡಿಬಂದಳು. ನೋಡಿದಳು. ಏನು ನೋಡಿದಳೋ, ಇವತ್ತಿಗೂ ಬಾಯಿಬಿಟ್ಟಿಲ್ಲ.

"ಕಡಿ," ಅಂದ ಅವನು, ಬಾಯಲ್ಲಿದ್ದ ರಕ್ತ ಉಗುಳಿ.

ಒಂದು ಏಟು ಬಳ್ಳಿಗೆ ಬಿತ್ತು. ಬಾವಿಯೊಳಕ್ಕೆ ಬಗ್ಗಿ ಬೀಸಿದ ಮುಂದಿನದು ಜಾರಿ ಗಂಡನ ಮುಂಗೈಗೆ... ಅದನ್ನ ಹಿಡಿದಿದ್ದ ಕೈಗೂ. ಹಿಡಿತ ಸಡಿಲಾಯ್ತು. ಅವನ ಸೊಂಟ ಹಿಡಿದು ಹಿಂದಕ್ಕೆಳೆದು, ಹುಚ್ಚಿ ಹಾಗೆ ಕೊಚ್ಚಿದಳು. ಬಳ್ಳಿ ತುಂಡಾಯ್ತು. ಅಷ್ಟು ಭಾರ ಕೆಳಗೆ ಬಿತ್ತಲ್ಲ... ನೀರಿನ ಸದ್ದೇ ಬರಲಿಲ್ಲ.

ಅವನಿಗೆ ಆಸ್ಪತ್ರೇಲಿ ಹೊಲಿಗೆ ಹಾಕಿದ್ರು. ಎರಡು ಬೆರಳು ಇನ್ನೂ ಮಡಚೋಕಾಗಲ್ಲ.

ಬೆಳಿಗ್ಗೆ ಬಾವಿ ಶುಚಿ ಮಾಡೋನು ಇಳಿದು ತಳವೆಲ್ಲ ತಡಕಿದ. ಯಾರೂ ಇಲ್ಲ. ತುಂಡಾದ ಬಳ್ಳಿ ಮೇಲೆ ತಂದು ಹಾಕಿ, ಕಾಲಿಡೋಕೆ ಗಂಟು ಹಾಕಿದ್ದು ಯಾರು ಅಂತ ಕೇಳಿದ.

ಮೊಳಕ್ಕೊಂದು ಗಂಟು. ನಂಬೋದು ಬಿಡೋದು ನಿಮಗೆ ಸೇರಿದ್ದು, ನಾನಂತೂ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ಮುಟ್ಟಿ ನೋಡಿದ್ದೀನಿ. ಕೈಯಲ್ಲೇ ಬಿಗಿದ ಗಂಟು. ಕಟ್ಟಿ ಎಷ್ಟು ದಿನ ಆಗಿತ್ತೋ, ಕೆಲವಕ್ಕೆ ಮೊಗ್ಗು ಬಂದಿತ್ತು.