ಮುದ್ದೆ ಅಗಿದ ವರ

ಮಂಡಕಳ್ಳಿಯಲ್ಲಿ ಬಸ್ಸು ಹತ್ತಿದ ಯಾರೋ ಸೋದರತ್ತೆ ಮತ್ತು ಸೋದರಳಿಯ ಶಾಲಿನಿಯ ಮುಂದಿನ ಸೀಟಿನಲ್ಲೇ ಕೂತರು. ಕೂತದ್ದೇ ತಡ, ಅತ್ತೆ ಶುರುವಿಟ್ಟುಕೊಂಡರು. ಶಾಲಿನಿ ಕೈಯಲ್ಲಿದ್ದ ಮೊಬೈಲನ್ನು ಮೆಲ್ಲಗೆ ಬ್ಯಾಗಿಗೆ ಹಾಕಿದಳು.

“ಮುದ್ದೇನ ಅಗಿದು ತಿಂತಾರೇನೋ ಸಿದ್ದೇಶ? ಹೆಣ್ಣಿನ ಮನೇಲಿ ನನ್ನ ಮಾನ ಕಳೆದ್ಬುಟ್ಟೆ!”

“ನಿಧಾನಕ್ಕೆ ಅಗಿದ್ರೆ ಕಮ್ಮೀಲೇ ಹೊಟ್ಟೆ ತುಂಬ್ತದೆ ಅತ್ತೆ. ಜಿಮ್ ಮಾಸ್ಟ್ರು ಹೇಳವ್ರೆ.”

“ಮುದ್ದೆ ನುಂಗೋದು ಕಣೋ! ಅವರಜ್ಜಿ ನೋಡಿ, ಗಂಟಲುನೋವಾ ಮಗ ಅಂತ ಬಿಸಿನೀರು ತಂದ್ರಲ್ಲ!”

“ಕುಡಿದೆನಲ್ಲ. ಹೊಟ್ಟೆ ಇನ್ನೂ ಬೇಗ ತುಂಬ್ತು.”

“ನಾಟಿಕೋಳಿ ಸಾರು ಮಾಡಿದ್ರು. ಎರಡನೇ ಮುದ್ದೆ ಬೇಡ ಅಂದ್ಬುಟ್ಟೆ.”

“ಬೆಳಬೆಳಗ್ಗೆ ಎದ್ದು ಓಡಿ ಇಳಿಸಿರೋ ಹೊಟ್ಟೆ ಅತ್ತೆ. ಒಂದೂಟಕ್ಕೆ ವಾಪಸ್ ತರ್ಲಾ?”

ಶಾಲಿನಿ ಕಿಟಕಿಯ ಕಡೆ ತಿರುಗಿ ನಕ್ಕಳು. ಸಿದ್ದೇಶ ಅತ್ತೆಯ ಕಡೆ ವಾಲಿದ.

“ಅತ್ತೆ, ಹುಡುಗಿ ಏನಾದ್ರೂ ಅಂದ್ಳಾ?”

“ಅಡುಗೆಮನೆಗೆ ಕರೆದು ಒಂದು ಮಾತಂದ್ಳು.”

“ಏನಂತೆ?”

ಅತ್ತೆ ಸೆರಗು ಸರಿಮಾಡಿಕೊಂಡರು, ಚೀಲ ಎತ್ತಿಕೊಂಡರು.

“ಅಜ್ಜಿ ಕಣ್ತಪ್ಪಿಸಿ ನಾನೂ ಅಗಿದೇ ತಿನ್ನೋದು, ಇನ್ಮೇಲೆ ಜೊತೆಗೊಬ್ರು ಸಿಕ್ಕಂಗಾಯ್ತು, ಅಂದ್ಳು.”

“ಅತ್ತೇ! ಮತ್ತೆ ಇಷ್ಟೊತ್ತು ಯಾಕೆ ಹೇಳ್ಲಿಲ್ಲ?”

ಬಸ್ಸು ಅಗ್ರಹಾರದಲ್ಲಿ ನಿಂತಿತು. ಸಿದ್ದೇಶ ಆಗಲೇ ಬಾಗಿಲು ದಾಟಿದ್ದ. ಅತ್ತೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೇಳಿದ್ದು ಒಳಗಿದ್ದ ಶಾಲಿನಿಗೂ ಕೇಳಿಸಿತು.

“ನಿನ್ನಂಗೆ ನಾನೂ ಆ ಮಾತ್ನ ನಿಧಾನಕ್ಕೆ ಅಗೀತಿದ್ದೆ ಕಣೋ.”